ಎಣ್ಣೆ ಬಾಣಲೆ ಇಡದೆ ಆಪಲ್ ಫ್ರಿಟರ್

ಆಪಲ್ ಫ್ರಿಟರ್ ಅಂದರೆ ಸೇಬು ಸೇರಿಸಿ ಎಣ್ಣೆಯಲ್ಲಿ ಕರಿಯುವ, ಡೋನಟ್ ಜಾತಿಯ ಸಿಹಿತಿಂಡಿ. ಅದನ್ನು ಓವನ್‌ನಲ್ಲಿ ಮಾಡುವುದು ಹೇಗೆ ಅಂತ ಹುಡುಕಿದರೆ ಸಿಗುವ ರೆಸಿಪಿಗಳಲ್ಲಿ ಮುಕ್ಕಾಲು ಪಾಲು ಫ್ರಿಟರ್ ಅಲ್ಲವೇ ಅಲ್ಲ. ಅವು ಸೇಬು ಹಾಕಿದ ಮಫಿನ್. ಮೈದಾ, ಬೇಕಿಂಗ್ ಪೌಡರ್, ಹಾಲು, ಮೊಟ್ಟೆ, ಹೆಚ್ಚಿದ ಸೇಬು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಚಮಚದಲ್ಲಿ ತಟ್ಟೆ ಮೇಲೆ ಬಿಡಿ ಅನ್ನುತ್ತಾರೆ. ಇಪ್ಪತ್ತು ನಿಮಿಷ ಬಿಟ್ಟು ತೆಗೆದರೆ ಚಪ್ಪಟೆಯಾಗಿ ಹರಡಿಕೊಂಡ, ಮೇಲೆ ಮೆತ್ತಗಿರುವ, ಸೇಬಿನ ಸುತ್ತ ಹಸಿಹಸಿ ಇರುವ ಏನೋ ಒಂದು ಬಂದಿರುತ್ತದೆ, ಅದರ ಮೇಲೆ ಸಕ್ಕರೆ ಪಾಕ ಸುರಿದು ಫೋಟೋ ತೆಗೆದರೆ ಮುಗಿಯಿತು. ಮಫಿನ್ ಮೇಲೆ ನನಗೇನೂ ಸಿಟ್ಟಿಲ್ಲ. ನಾನಿರುವ ನ್ಯೂಯಾರ್ಕ್ ರಾಜ್ಯದಲ್ಲಿ 1987ರಿಂದ ಸೇಬಿನ ಮಫಿನ್ನೇ ರಾಜ್ಯದ ಅಧಿಕೃತ ಮಫಿನ್, ಅದೂ ಸಿರಾಕ್ಯೂಸ್ ಪಕ್ಕದ ಒಂದು ಶಾಲೆಯ ಮಕ್ಕಳು ಹಟ ಹಿಡಿದು ಕಾನೂನು ಮಾಡಿಸಿದ್ದು. ಆದರೆ ಮಫಿನ್ ತಿನ್ನಬೇಕು ಅನ್ನಿಸಿದರೆ ಮಫಿನ್ನೇ ಮಾಡಿಕೊಳ್ಳಬಹುದು, ಅಲ್ವಾ? ಫ್ರಿಟರ್ ಹೆಸರು ಯಾಕೆ ಹಾಳು ಮಾಡಬೇಕು.

ಇಲ್ಲಿನ ಡೋನಟ್ ಅಂಗಡಿಯ ಒಳ್ಳೆ ಫ್ರಿಟರ್ ಒಂದನ್ನು ಕೈಗೆ ತೆಗೆದುಕೊಂಡು ನೋಡಿ. ಅಂಗೈಗಿಂತ ದೊಡ್ಡದು. ಆಕಾರ ಅಂತೇನೂ ಇಲ್ಲ, ಗಂಟುಗಂಟಾಗಿ ಇರುತ್ತದೆ. ಅಂಚಿನಲ್ಲಿ ಚಾಚಿಕೊಂಡ ತುಣುಕುಗಳು ಕಡುಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿವೆ. ಮುರಿದರೆ ಪುಡಿಯಾಗುವುದಿಲ್ಲ, ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ, ಯಾಕಂದ್ರೆ ಒಳಗಿರುವುದು ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟು. ಆ ಗಂಟುಗಳ ಸಂದಿಯಲ್ಲೆಲ್ಲ ಚಕ್ಕೆ ಪುಡಿ ಬೆರೆತ ಸೇಬು ಕೂತಿರುತ್ತದೆ. ಸೇಬು ಹಿಟ್ಟಿನ ಒಳಗೆ ಕಲೆತು ಹೋಗಿರುವುದಿಲ್ಲ, ಹಿಟ್ಟಿನ ಚೂರುಗಳ ನಡುವೆ ಇರುತ್ತದೆ. ಇಷ್ಟೇ ನೋಡಿ ವಿಷಯ.

ಇದು ಹೀಗೆ ಬಂದಿರುವುದಕ್ಕೆ ಕಾರಣ ಉಳಿತಾಯ. ಲಟ್ಟಿಸಿದ ಹಿಟ್ಟಿನಲ್ಲಿ ಗುಂಡಗೆ ಡೋನಟ್ ಕತ್ತರಿಸಿದ ಮೇಲೆ ಚೂರುಪಾರು ಉಳಿಯುತ್ತದೆ. ಅದನ್ನು ಮತ್ತೆ ಮತ್ತೆ ನಾದಿ ಲಟ್ಟಿಸಿದರೆ ಗಡುಸಾಗುತ್ತದೆ. ಹಾಗಾಗಿ ಬೇಕರಿಯವರು ಆ ಚೂರುಗಳನ್ನು ಮೇಜಿನ ಮೇಲೆ ರಾಶಿ ಹಾಕಿ, ಸೇಬು ಮತ್ತು ಚಕ್ಕೆ ಸುರಿದು, ಅಗಲ ಬಾಯಿಯ ಸ್ಕ್ರೇಪರ್‌ನಿಂದ ಕೊಚ್ಚುತ್ತಾರೆ. ಕೊಚ್ಚಿದ್ದನ್ನು ಉಂಡೆಯಂತೆ ಗುಡ್ಡೆ ಮಾಡಿ, ಉಬ್ಬಲು ಬಿಟ್ಟು, ಕರಿದು, ಬಿಸಿ ಇರುವಾಗಲೇ ಗ್ಲೇಜ್‌ನಲ್ಲಿ, ಅಂದರೆ ಹೊಳಪು ಕೊಡುವ ಸಕ್ಕರೆ ಲೇಪದಲ್ಲಿ, ಅದ್ದುತ್ತಾರೆ. ತೆಳು ಹಿಟ್ಟನ್ನು ಚಮಚದಲ್ಲಿ ಬಿಟ್ಟು ಮಾಡುವ ಫ್ರಿಟರ್ ಕೂಡ ಇದೆ, ಅದು ಮನೆ ಕಡೆಯ ಶೈಲಿ, ಎಣ್ಣೆಯಲ್ಲಿ ಕರಿದರೆ ಚೆನ್ನಾಗಿಯೇ ಇರುತ್ತದೆ. ಓವನ್‌ಗೆ ಅದು ಆಗಿಬರುವುದಿಲ್ಲ.

ಯಾಕೆ ಆಗಿಬರುವುದಿಲ್ಲ ಅಂದ್ರೆ, 180 ಡಿಗ್ರಿ ಎಣ್ಣೆಯೂ 180 ಡಿಗ್ರಿ ಗಾಳಿಯೂ ಒಂದೇ ಅಲ್ಲ. ಎಣ್ಣೆ ಹಿಟ್ಟಿನ ಮೈಗೆಲ್ಲ ಅಂಟಿಕೊಂಡು ಶಾಖ ತುಂಬುತ್ತದೆ, ಮೇಲ್ಪದರದ ನೀರು ಆ ಕ್ಷಣದಲ್ಲೇ ಆವಿಯಾಗಿ ಗುಳ್ಳೆ ಗುಳ್ಳೆ ಹೊರಟು ಹೋಗುತ್ತದೆ, ಒಂದು ನಿಮಿಷದೊಳಗೆ ಸುತ್ತ ಒಂದು ಸಿಪ್ಪೆ ಕಟ್ಟಿ ಆಕಾರ ನಿಲ್ಲುತ್ತದೆ. ಗಾಳಿಗೆ ಆ ಶಕ್ತಿ ಇಲ್ಲ. ಓವನ್‌ನಲ್ಲಿ ತೆಳು ಹಿಟ್ಟು ಮೊದಲು ಬಿಸಿಯಾಗಿ ಇನ್ನಷ್ಟು ತೆಳುವಾಗುತ್ತದೆ, ಹರಡುತ್ತದೆ, ಆಮೇಲೆ ನಿಧಾನಕ್ಕೆ ಬೇಯುತ್ತದೆ. ಬೋಂಡಾ ಹಿಟ್ಟನ್ನು ತಟ್ಟೆಗೆ ಸುರಿದು ಓವನ್‌ಗೆ ತಳ್ಳಿ ಬೋಂಡಾ ಬರಲಿ ಅಂತ ಕಾದ ಹಾಗೆ. ಯೀಸ್ಟ್ ಹಿಟ್ಟಿಗೆ ಈ ಕಷ್ಟ ಇಲ್ಲ. ಅದು ತಾನಾಗಿಯೇ ನಿಲ್ಲುತ್ತದೆ, ಓವನ್ ಅದರ ಸ್ವಂತ ಮನೆ. ಆದ್ದರಿಂದ ಕರಿಯುವ ಹಿಟ್ಟನ್ನು ಬೇಯಿಸಲು ಹೋಗಬೇಡಿ, ಬೇಯುವ ಹಿಟ್ಟನ್ನೇ ಫ್ರಿಟರ್ ಮಾಡಿ ಅನ್ನುವುದು ನನ್ನ ವಾದ. ಬಾಕಿ ಎಲ್ಲ ಸೇಬಿನ ನೀರಿನ ಜೊತೆ ಗುದ್ದಾಟ.

ಕರಿಯದೆ ಇರುವುದಕ್ಕೆ ಆರೋಗ್ಯದ ಕಾರಣ ಕೊಡುವವರು ಬಹಳ. ನಾನು ಕೊಡುವುದಿಲ್ಲ. ಬೆಣ್ಣೆ, ಮೈದಾ, ಕಾಲು ಕಿಲೋಗೂ ಮೀರಿದ ಸಕ್ಕರೆ, ಇದರಲ್ಲಿ ಆರೋಗ್ಯ ಎಲ್ಲಿಂದ ಬರಬೇಕು? ನನ್ನ ಕಾರಣ ಬೇರೆ. ಬಾಡಿಗೆ ಮನೆ, ಒಲೆ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಕಳಿಸದೆ ಸುತ್ತಿ ಮತ್ತೆ ಅಡುಗೆಮನೆಗೇ ಬಿಡುತ್ತದೆ, ಒಂದು ಬಾಣಲೆ ಎಣ್ಣೆ ಕಾದರೆ ಸಾಕು ಸ್ಮೋಕ್ ಅಲಾರಂ ಕಿರುಚಿಕೊಳ್ಳುತ್ತದೆ. ಅಕ್ಟೋಬರ್ ಆದ ಮೇಲೆ ಕಿಟಕಿ ತೆಗೆಯುವ ಹಾಗೂ ಇಲ್ಲ. ಕರಿದ ವಾಸನೆ ಕೋಟುಗಳಿಗೆಲ್ಲ ಹತ್ತಿ ವಾರವಿಡೀ ಆಫೀಸಿಗೆ ಜೊತೆಗೇ ಬರುತ್ತದೆ. ಇನ್ನೊಂದು ಏನಂದ್ರೆ, ಮನೆಗೆ ಜನ ಬಂದಾಗ ನಾನು ಒಲೆ ಮುಂದೆ ನಿಂತು ಎರಡೆರಡೇ ಕರಿಯುತ್ತಾ, ಅವರು ಒಳಗೆ ಕೂತು ಮಾತಾಡುತ್ತಾ ಇರುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಓವನ್‌ನಲ್ಲಿ ಹತ್ತೂ ಒಟ್ಟಿಗೆ ಬರುತ್ತವೆ.

ಈಗ ಸೇಬು. ನಾವಿರುವುದು ರಾಚೆಸ್ಟರ್ ಕಡೆ, ಒಂಟಾರಿಯೋ ಸರೋವರದ ದಕ್ಷಿಣ ದಡ. ಸೇಬು ಬೆಳೆಯುವುದರಲ್ಲಿ ಅಮೆರಿಕದಲ್ಲಿ ವಾಷಿಂಗ್ಟನ್ ರಾಜ್ಯ ಬಿಟ್ಟರೆ ಮುಂದಿನ ಸ್ಥಾನ ನ್ಯೂಯಾರ್ಕ್ ರಾಜ್ಯದ್ದು, ಅದರಲ್ಲೂ ಈ ದಡದ ಉದ್ದಕ್ಕೂ ತೋಟವೋ ತೋಟ. ಇದಕ್ಕೆ ಸರೋವರವೇ ಕಾರಣ. ಚಳಿಗಾಲ ಮುಗಿದರೂ ಅಷ್ಟು ದೊಡ್ಡ ನೀರು ಬೇಗ ಬಿಸಿಯಾಗುವುದಿಲ್ಲ, ಅದರ ತಣ್ಣನೆ ಗಾಳಿಗೆ ಮರಗಳು ತಡವಾಗಿ ಹೂ ಬಿಡುತ್ತವೆ, ಅಷ್ಟು ಹೊತ್ತಿಗೆ ಹೂವನ್ನು ಸುಡುವ ಹಿಮದ ಕಾಟ ಕಳೆದಿರುತ್ತದೆ. ಸೆಪ್ಟೆಂಬರ್ ಬಂದರೆ ಊರಿಗೆ ಊರೇ ತೋಟಕ್ಕೆ ಹೋಗಿ ತಾನೇ ಕಿತ್ತು ತರುವ ಹುಚ್ಚಿಗೆ ಬೀಳುತ್ತದೆ. ಅರ್ಧ ಬುಷೆಲ್ ಚೀಲ ಅಂದರೆ ಹತ್ತಿರ ಹತ್ತಿರ ಒಂಬತ್ತು ಕಿಲೋ. ಕೀಳುವಾಗ ಖುಷಿ, ಮನೆಗೆ ತಂದ ಮೇಲೆ ಎಲ್ಲಿಡುವುದು ಅನ್ನುವ ಚಿಂತೆ. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಅಕ್ಟೋಬರ್ ತುಂಬಾ ಒಂದೇ ಪ್ರಶ್ನೆ, ಸೇಬಿನಲ್ಲಿ ಏನು ಮಾಡಬಹುದು ಹೇಳಿ ಅಂತ. ಸೇಬಿನ ಗೊಜ್ಜು, ಸೇಬಿನ ಕೇಸರಿಬಾತು, ಸೇಬಿನ ತೊಕ್ಕು ಎಲ್ಲ ಆಗುತ್ತದೆ. ತೊಕ್ಕು ನಿಜಕ್ಕೂ ಚೆನ್ನಾಗಿರುತ್ತದೆ, ಹುಳಿ ಸೇಬು ಇದ್ದರೆ.

ಎಲ್ಲ ಸೇಬೂ ಒಲೆಗೆ ಆಗುವುದಿಲ್ಲ. ಮ್ಯಾಕಿಂಟಾಶ್ ತಿನ್ನಲು ಸೊಗಸು, ಘಮ ಅಂದರೆ ಘಮ, ಬಾಣಲೆಗೆ ಹಾಕಿದರೆ ಮಾತ್ರ ನೋಡನೋಡುತ್ತಿದ್ದಂತೆ ಕರಗಿ ಮುದ್ದೆಯಾಗುತ್ತದೆ. ಫ್ರಿಟರ್‌ಗೆ ಬೇಕಾದದ್ದು ಬೆಂದರೂ ಹೋಳು ಹೋಳಾಗಿಯೇ ಉಳಿಯುವ, ಹುಳಿ ಇರುವ ಜಾತಿ. ನನ್ನ ಮೊದಲ ಆಯ್ಕೆ ನಾರ್ದರ್ನ್ ಸ್ಪೈ. ಇದು ರಾಚೆಸ್ಟರ್‌ನಿಂದ ಸ್ವಲ್ಪ ದಕ್ಷಿಣಕ್ಕಿರುವ ಈಸ್ಟ್ ಬ್ಲೂಮ್‌ಫೀಲ್ಡ್ ಅನ್ನುವ ಊರಿನಲ್ಲೇ ಹುಟ್ಟಿದ ಹಳೇ ತಳಿ. ಅಕ್ಟೋಬರ್ ಕೊನೆಗೆ ಮಾತ್ರ ಬರುತ್ತದೆ, ಸೂಪರ್ ಮಾರ್ಕೆಟ್‌ನಲ್ಲಿ ಸಿಗುವುದಿಲ್ಲ ಅಂತಲೇ ಹೇಳಬಹುದು, ತೋಟದ ಅಂಗಡಿಯಲ್ಲಿ ಕೇಳಬೇಕು. ಅದಿಲ್ಲದಿದ್ದರೆ ಕಾರ್ಟ್‌ಲ್ಯಾಂಡ್. ಇದನ್ನು ಮಾಡಿದ್ದು ಇಲ್ಲೇ ಜಿನೀವಾ ಊರಿನ ಕೃಷಿ ಸಂಶೋಧನಾ ಕೇಂದ್ರ, ಮ್ಯಾಕಿಂಟಾಶ್ ಮತ್ತು ಬೆನ್ ಡೇವಿಸ್ ಅನ್ನುವ ಎರಡು ತಳಿ ಕೂಡಿಸಿ, 1915ರಲ್ಲಿ ಹೊರಗೆ ಬಂತು. ಕಾರ್ಟ್‌ಲ್ಯಾಂಡ್‌ನ ಗುಣ ಏನಂದ್ರೆ ಹೆಚ್ಚಿಟ್ಟರೂ ಬೇಗ ಕಪ್ಪಗಾಗುವುದಿಲ್ಲ. ಎರಡೂ ಸಿಗದಿದ್ದರೆ ಎಲ್ಲೆಲ್ಲೂ ಸಿಗುವ ಹಸಿರು ಗ್ರ್ಯಾನಿ ಸ್ಮಿತ್ ಇದ್ದೇ ಇದೆ. ಹನಿಕ್ರಿಸ್ಪ್ ಕೂಡ ಬೆಂದರೆ ಹೋಳಾಗಿಯೇ ನಿಲ್ಲುತ್ತದೆ, ಆದರೆ ಅದರ ಬೆಲೆ ನೋಡಿದರೆ ಬಾಣಲೆಗೆ ಹಾಕಲು ಕೈ ಬರುವುದಿಲ್ಲ, ಹಾಗೇ ಕಚ್ಚಿ ತಿನ್ನಿ.

ಹುಳಿ ಬರೀ ರುಚಿಗಲ್ಲ. ಹಣ್ಣಿನಲ್ಲಿ ಹುಳಿ ಜಾಸ್ತಿ ಇದ್ದಷ್ಟೂ ಅದರ ಪೆಕ್ಟಿನ್, ಅಂದರೆ ಹಣ್ಣನ್ನು ಗಟ್ಟಿಯಾಗಿ ಹಿಡಿದಿಡುವ ಅಂಟು, ನಿಧಾನಕ್ಕೆ ಸಡಿಲವಾಗುತ್ತದೆ, ಹೋಳು ಗಟ್ಟಿ ಉಳಿಯುತ್ತದೆ. ಅದಕ್ಕೇ ಬೇಯಿಸುವಾಗ ನಿಂಬೆರಸ ಹಿಂಡಬೇಕು.

ಅರ್ಧ ಕಿಲೋ ಸೇಬು ತೆಗೆದುಕೊಳ್ಳಿ, ಮೂರು ದೊಡ್ಡವು. ಸಿಪ್ಪೆ ತೆಗೆದು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಹೆಚ್ಚಿ. ದೊಡ್ಡ ಹೋಳು ಮಾಡಿದರೆ ಆಮೇಲೆ ಹಿಟ್ಟು ಹಿಡಿದುಕೊಳ್ಳುವುದಿಲ್ಲ, ಉದುರುತ್ತದೆ. ಅಗಲ ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆ, ಸೇಬು, 50 ಗ್ರಾಂ ಬ್ರೌನ್ ಶುಗರ್, ಒಂದು ಚಮಚ ನಿಂಬೆರಸ, ಚಿಟಿಕೆ ಉಪ್ಪು. ಮುಚ್ಚಳ ಮುಚ್ಚಬಾರದು. ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ಬಾಣಲೆ ತುಂಬಾ ನೀರು ಬಿಟ್ಟುಕೊಳ್ಳುತ್ತದೆ, ಇಷ್ಟೊಂದು ಎಲ್ಲಿತ್ತು ಅನ್ನಿಸುವಷ್ಟು. ಸೇಬಿನ ತೂಕದಲ್ಲಿ ನೂರಕ್ಕೆ 85ರಷ್ಟು ನೀರೇ. ಹಸಿ ಸೇಬನ್ನು ಹಾಗೇ ಹಿಟ್ಟಿಗೆ ಹಾಕಿದರೆ ಈ ನೀರೆಲ್ಲ ಓವನ್ ಒಳಗೆ ಹಿಟ್ಟಿಗೆ ಇಳಿಯುತ್ತದೆ, ಹೋಳಿನ ಸುತ್ತ ಅಂಟಂಟು ಹಸಿ ಪದರ ಉಳಿಯುತ್ತದೆ, ಎಷ್ಟು ಹೊತ್ತು ಬೇಯಿಸಿದರೂ ಹೋಗುವುದಿಲ್ಲ.

ಉರಿ ಜೋರು ಮಾಡಿ. ನೀರು ಕುದಿಯುವ ಸದ್ದು ಗಮನಿಸಿ. ಮೊದಲು ಗಳಗಳ ಅನ್ನುತ್ತದೆ, ನೀರು ಇಂಗುತ್ತಾ ಬಂದ ಹಾಗೆ ಅದು ಚಟಪಟ ಆಗಿ ಬದಲಾಗುತ್ತದೆ. ಆಗ ಸೌಟನ್ನು ಬಾಣಲೆಯ ತಳಕ್ಕೆ ಒತ್ತಿ ಎಳೆದರೆ ದಾರಿ ಬಿದ್ದದ್ದು ಹಾಗೇ ನಿಲ್ಲಬೇಕು, ಪಾಕ ಓಡಿ ಬಂದು ಮುಚ್ಚಬಾರದು. ಹೋಳಿನ ಮೈಗೆಲ್ಲ ಹೊಳಪು ಬಂದಿರುತ್ತದೆ, ಅಂಚು ಪಾರದರ್ಶಕ, ನಡುವೆ ಇನ್ನೂ ಬಿಳಿ. ಅಲ್ಲಿಗೆ ನಿಲ್ಲಿಸಿ. ಅರ್ಧ ಕಿಲೋಗೆ ಸುಮಾರು 350 ಗ್ರಾಂ ಉಳಿದಿರುತ್ತದೆ. ಉರಿ ಆರಿಸಿದ ಮೇಲೆ ಎರಡು ಟೀ ಚಮಚ ಚಕ್ಕೆ ಪುಡಿ, ಸ್ವಲ್ಪ ಜಾಯಿಕಾಯಿ ತುರಿದು ಹಾಕಿ. ನಾನು ನಾಲ್ಕು ಏಲಕ್ಕಿಯನ್ನೂ ಕುಟ್ಟಿ ಹಾಕುತ್ತೇನೆ, ಅಮೆರಿಕದವರು ಹಾಕುವುದಿಲ್ಲ, ಹಾಕಿದ್ದನ್ನು ತಿಂದು ಬೇಡ ಅಂದವರನ್ನೂ ನಾನು ನೋಡಿಲ್ಲ. ಅಗಲ ತಟ್ಟೆಗೆ ಹರವಿ ಪೂರ್ತಿ ತಣ್ಣಗಾಗಲು ಬಿಡಿ. ಬಿಸಿ ಸೇಬು ಹಿಟ್ಟಿನ ಮೇಲೆ ಬಿದ್ದರೆ ಬೆಣ್ಣೆ ಕರಗಿ ಎಲ್ಲ ಜಾರುತ್ತದೆ. ಇದನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.

ಹಿಟ್ಟಿನ ವಿಷಯಕ್ಕೆ ಬರೋಣ. ಬೇಯಿಸಿದ ತಿಂಡಿಗೆ ಕರಿದದ್ದರ ಮೆದು ಬರುವುದಿಲ್ಲ, ಎರಡು ಗಂಟೆಯಲ್ಲಿ ಒಣಗುತ್ತದೆ ಅನ್ನುವ ದೂರು ಸುಳ್ಳಲ್ಲ. ಅದಕ್ಕೆ ಮದ್ದು ಗಂಜಿ. 20 ಗ್ರಾಂ ಮೈದಾವನ್ನು 100 ಮಿಲಿ ಹಾಲಿನಲ್ಲಿ ಗಂಟಿಲ್ಲದೆ ಕದಡಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಎರಡು ಮೂರು ನಿಮಿಷದಲ್ಲಿ ಗಟ್ಟಿ ಗಂಜಿಯಾಗುತ್ತದೆ. ಬೆಂದ ಪಿಷ್ಟ ಹಸಿ ಹಿಟ್ಟಿಗಿಂತ ಬಹಳ ಜಾಸ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಓವನ್‌ನಲ್ಲೂ ಬಿಟ್ಟುಕೊಡುವುದಿಲ್ಲ. ಜಪಾನ್, ಚೀನಾ ಕಡೆಯ ಮೆತ್ತನೆ ಹಾಲಿನ ಬ್ರೆಡ್‌ಗೆ ಇದೇ ಉಪಾಯ. ಹೀಗೆ ಮಾಡಿದ ಫ್ರಿಟರ್ ಮರುದಿನವೂ ಮೆತ್ತಗೇ ಇರುತ್ತದೆ.

ಗಂಜಿ ಉಗುರು ಬೆಚ್ಚಗಾದ ಮೇಲೆ ಅದಕ್ಕೆ ಇನ್ನೂ 340 ಗ್ರಾಂ ಮೈದಾ, 100 ಮಿಲಿ ಬೆಚ್ಚನೆ ಹಾಲು, ಒಂದು ಮೊಟ್ಟೆ, 45 ಗ್ರಾಂ ಸಕ್ಕರೆ, ಒಂದು ಟೀ ಚಮಚ ಉಪ್ಪು, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ಇಲ್ಲಿ ಅಂಗಡಿಯಲ್ಲಿ ಸಿಗುವ ಒಂದು ಪೊಟ್ಟಣ ಅಂದರೆ ಅಷ್ಟೇ. ಐದು ನಿಮಿಷ ನಾದಿ, ಆಮೇಲೆ 55 ಗ್ರಾಂ ಮೆತ್ತನೆ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಇನ್ನೂ ಎಂಟು ಹತ್ತು ನಿಮಿಷ ನಾದಬೇಕು. ಅಂಟುತ್ತದೆ. ಹೋಳಿಗೆಯ ಕಣಕ ನಾದಿ ಗೊತ್ತಿದ್ದವರಿಗೆ ಈ ಅಂಟು ಹೊಸದಲ್ಲ, ಹೆದರಿ ಮೇಲೆ ಮೇಲೆ ಮೈದಾ ಸುರಿಯಬೇಡಿ. ಕೊನೆಗೆ ಒಂದು ಚೂರು ತೆಗೆದು ಬೆರಳುಗಳ ನಡುವೆ ಎಳೆದರೆ ಹರಿಯದೆ ತೆಳುವಾಗಿ, ಆ ಕಡೆಯ ಬೆಳಕು ಕಾಣುವಷ್ಟು ಹಿಗ್ಗಬೇಕು. ಮುಚ್ಚಿಟ್ಟು ಎರಡರಷ್ಟು ಆಗಲು ಬಿಡಿ. ಚಳಿಗಾಲದಲ್ಲಿ ಇಲ್ಲಿ ಒಂದೂವರೆ ಗಂಟೆಯಾದರೂ ಬೇಕು. ಓವನ್‌ನ ಬಲ್ಬ್ ಮಾತ್ರ ಹಾಕಿ ಅದರೊಳಗೆ ಇಟ್ಟರೆ ಬೇಗ ಆಗುತ್ತದೆ, ನಾವು ಇಡ್ಲಿ ಹಿಟ್ಟಿಗೆ ಮಾಡುವುದೂ ಅದೇ ತಾನೇ.

ಚಕ್ಕೆ ಪುಡಿಯನ್ನು ಹಿಟ್ಟಿಗೇ ಸೇರಿಸಿಬಿಡೋಣ, ಘಮ ಜಾಸ್ತಿ ಬರಲಿ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಚಕ್ಕೆಯ ಎಣ್ಣೆಯಲ್ಲಿ ಬೂಷ್ಟು, ಯೀಸ್ಟ್ ಎರಡನ್ನೂ ತಡೆಯುವ ಗುಣ ಇದೆ, ಹಿಟ್ಟು ಮೇಲೇಳಲು ಮೊಂಡಾಟ ಮಾಡುತ್ತದೆ. ಅದರ ಜಾಗ ಸೇಬಿನ ಜೊತೆಯೇ.

ಇನ್ನು ಕೊಚ್ಚುವ ಕೆಲಸ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಉಬ್ಬಿದ ಹಿಟ್ಟನ್ನು ಕಟ್ಟೆ ಮೇಲೆ ಹಾಕಿ ಕೈಯಲ್ಲೇ ತಟ್ಟಿ ಒಂದು ಬೆರಳು ದಪ್ಪ ಮಾಡಿ. ಅರ್ಧ ಭಾಗದ ಮೇಲೆ ಸೇಬು ಹರಡಿ, ಮೇಲೆ ಎರಡು ಮೂರು ಚಮಚ ಒಣ ಮೈದಾ ಉದುರಿಸಿ, ಇನ್ನರ್ಧವನ್ನು ಮಡಚಿ ಮುಚ್ಚಿ. ಈಗ ಸ್ಕ್ರೇಪರ್ ಅಥವಾ ದೊಡ್ಡ ಚಾಕು ತೆಗೆದುಕೊಂಡು ಉದ್ದಕ್ಕೆ ಒಂದು ಅಂಗುಲಕ್ಕೊಂದು, ಅಡ್ಡಕ್ಕೆ ಒಂದು ಅಂಗುಲಕ್ಕೊಂದು ಕೊಚ್ಚುತ್ತಾ ಹೋಗಿ. ರಾಶಿಯನ್ನು ಗುಡ್ಡೆ ಮಾಡಿ ತಿರುವಿ ಹಾಕಿ ಮತ್ತೊಮ್ಮೆ ಕೊಚ್ಚಿ. ಕಟ್ಟೆಯ ತುಂಬಾ ಸೇಬಿನ ಪಾಕ ಅಂಟಿ, ಹಿಟ್ಟಿನ ಚೂರು ಚೂರು ಬಿದ್ದು, ಇದೇನು ಇಷ್ಟು ಹೊತ್ತು ನಾದಿದ್ದನ್ನು ಕೈಯಾರೆ ಹಾಳು ಮಾಡಿದೆನಾ ಅನ್ನಿಸುವಂತೆ ಕಾಣುತ್ತದೆ. ಹಾಗೆ ಕಂಡರೆ ಸರಿಯಾಗಿದೆ ಅಂತ ಅರ್ಥ. ಆ ಒಣ ಮೈದಾ ಉಳಿದ ಪಾಕವನ್ನು ಹೀರಿಕೊಂಡು ಚೂರುಗಳನ್ನು ಒಂದಕ್ಕೊಂದು ಅಂಟಿಸುತ್ತದೆ.

ನಮ್ಮ ಅತ್ತೆ ಹಾಸನದಿಂದ ಬಂದಿದ್ದಾಗ ಇದನ್ನು ನೋಡಿ ಸುಮ್ನೆ ಇರಲಿಲ್ಲ. "ಏನಮ್ಮಾ, ಹಿಟ್ಟು ನಾದಿ ನಾದಿ ನುಣ್ಣಗೆ ಮಾಡ್ದೆ, ಈಗ ಅದನ್ನ ಕೊತ್ತಂಬರಿ ಸೊಪ್ಪು ಹೆಚ್ಚಿದ ಹಾಗೆ ಹೆಚ್ತಿದೀಯಲ್ಲ?" ಅಂದರು. "ನೋಡ್ತಾ ಇರಿ ಅತ್ತೆ, ಅದೇ ಬರುತ್ತೆ" ಅಂದೆ. "ಎಣ್ಣೆಗೆ ಹಾಕಿದ್ರೆ ಐದು ನಿಮಿಷದ ಕೆಲಸ" ಅಂತ ಹೇಳಿ ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಅವರ ಮಾತಿನಲ್ಲಿ ನ್ಯಾಯ ಇಲ್ಲದೇ ಇಲ್ಲ. ಅವರು ಮೊಟ್ಟೆ ತಿನ್ನುವುದಿಲ್ಲ, ಹಾಗಾಗಿ ಆವತ್ತು ಮೊಟ್ಟೆಯ ಬದಲು ಮೂರು ದೊಡ್ಡ ಚಮಚ ಗಟ್ಟಿ ಮೊಸರು ಹಾಕಿದ್ದೆ. ಬಣ್ಣ ಒಂಚೂರು ಕಡಿಮೆ ಬರುತ್ತದೆ, ಮೆದು ಏನೂ ಕಡಿಮೆಯಾಗುವುದಿಲ್ಲ. ಗಂಜಿ ಇರುವುದರಿಂದ ಮೊಟ್ಟೆ ಇಲ್ಲದ ಕೊರತೆ ಗೊತ್ತೇ ಆಗುವುದಿಲ್ಲ ಅಂತ ನನ್ನ ಅನಿಸಿಕೆ.

ಕೊಚ್ಚಿದ್ದನ್ನು 100 ಗ್ರಾಂ ಹತ್ತಿರ ಹತ್ತಿರ ಹತ್ತು ಗುಡ್ಡೆ ಮಾಡಿ. ಉಂಡೆ ಕಟ್ಟಿ ನುಣ್ಣಗೆ ಮಾಡಬೇಡಿ, ಗಂಟುಗಳು ಎದ್ದು ಕಂಡಷ್ಟೂ ಗರಿ ಬರಲು ಜಾಗ ಜಾಸ್ತಿ. ಅಂಗೈಯಿಂದ ಸ್ವಲ್ಪ ಚಪ್ಪಟೆ ಮಾಡಿ, ನಡುವೆ ಇನ್ನೂ ಸ್ವಲ್ಪ ಒತ್ತಿ, ಇಲ್ಲದಿದ್ದರೆ ಮಧ್ಯೆ ಗುಮ್ಮಟ ಏಳುತ್ತದೆ. ಹೊರಗೆ ಚಾಚಿಕೊಂಡ ಸೇಬಿನ ಹೋಳುಗಳನ್ನು ಒಳಗೆ ತುರುಕಿ, ಅವೇ ಮೊದಲು ಸೀಯುವುದು. ಇಡುವ ತಟ್ಟೆಗೆ ಬಟರ್ ಪೇಪರ್ ಹಾಕುವುದಿಲ್ಲ ನಾನು. ಕಪ್ಪು ಬಣ್ಣದ ದಪ್ಪ ತಟ್ಟೆಗೆ ಎರಡು ಮೂರು ಚಮಚ ಎಣ್ಣೆ ಧಾರಾಳವಾಗಿ ಸವರುತ್ತೇನೆ. ಆ ಎಣ್ಣೆಯಲ್ಲಿ ತಳ ಹುರಿದಂತಾಗಿ ಕರಿದ ಫ್ರಿಟರ್‌ನ ರುಚಿ ಅರ್ಧ ಅಲ್ಲೇ ಬಂದುಬಿಡುತ್ತದೆ. ಒಂದು ತೊಟ್ಟೂ ಎಣ್ಣೆ ಬೇಡ ಅನ್ನುವ ಹಟ ಇದ್ದವರು ಪೇಪರ್ ಹಾಕಿಕೊಳ್ಳಿ, ತಳ ಬ್ರೆಡ್ಡಿನ ತಳದ ಥರ ಬರುತ್ತದೆ. ಇನ್ನೊಂದು ಅರ್ಧ ಮುಕ್ಕಾಲು ಗಂಟೆ ಉಬ್ಬಲು ಬಿಟ್ಟು, ಮೇಲೆ ಕರಗಿಸಿದ ಬೆಣ್ಣೆ ಸವರಿ.

ಓವನ್ 190 ಡಿಗ್ರಿ ಸೆಲ್ಸಿಯಸ್, ಇಲ್ಲಿನ ಲೆಕ್ಕದಲ್ಲಿ 375 ಫ್ಯಾರನ್‌ಹೀಟ್. ಮಧ್ಯದ ಅಂತಸ್ತು, 18ರಿಂದ 20 ನಿಮಿಷ. ಬಾಡಿಗೆ ಮನೆಯ ಓವನ್ ಹೇಳುವ ಶಾಖ ಒಂದು, ಇರುವ ಶಾಖ ಇನ್ನೊಂದು. ಅದರ ಬಾಗಿಲ ಮೇಲೆ ಕಾಣುವ ಅಂಕಿಯನ್ನು ನಂಬುವುದಕ್ಕಿಂತ ಒಳಗೆ ತೂಗು ಹಾಕುವ ಒಂದು ಥರ್ಮಾಮೀಟರ್ ತಂದುಕೊಳ್ಳಿ, ದುಬಾರಿ ಏನಲ್ಲ. ಅಂಚಿನ ಗಂಟುಗಳು ಕಡುಕಂದು, ನಡುವಿನ ಗಂಟುಗಳು ಹೊಂಬಣ್ಣ, ಇದು ಹದ. ಎಲ್ಲವೂ ಒಂದೇ ಬಣ್ಣಕ್ಕೆ ಬಂದಿದ್ದರೆ ಗುಡ್ಡೆಯನ್ನು ಜಾಸ್ತಿ ನುಣ್ಣಗೆ ಮಾಡಿದ್ದೀರಿ ಅಂತ.

ಗ್ಲೇಜ್‌ಗೆ ನೀರು ಹಾಕಿದರೆ ಬರೀ ಸಿಹಿ. ಹಾಲು ಹಾಕಿದರೂ ಅಷ್ಟೇ. ತೋಟಗಳಲ್ಲಿ ಸಿಗುವ ಸೈಡರ್ ತನ್ನಿ, ಇಲ್ಲಿ ಸೈಡರ್ ಅಂದರೆ ಸೋಸದ, ಕಂದು ಬಣ್ಣದ ತಾಜಾ ಸೇಬಿನ ರಸ, ಮದ್ಯ ಅಲ್ಲ. ಒಂದು ಕಪ್ ರಸವನ್ನು ಕಾಲು ಕಪ್ ಆಗುವವರೆಗೆ ಕುದಿಸಿ ಇಂಗಿಸಿ. ಹುಳಿ, ಸಿಹಿ, ಘಮ ಎಲ್ಲ ನಾಲ್ಕು ಪಟ್ಟು ಗಟ್ಟಿಯಾಗುತ್ತದೆ. ಅದಕ್ಕೆ ಒಂದು ಚಮಚ ಬೆಣ್ಣೆ, ಚಿಟಿಕೆ ಉಪ್ಪು, 200 ಗ್ರಾಂ ಐಸಿಂಗ್ ಸಕ್ಕರೆ ಹಾಕಿ ಕದಡಿ. ಫ್ರಿಟರ್ ಓವನ್‌ನಿಂದ ಬಂದ ಐದು ನಿಮಿಷಕ್ಕೆ, ಗ್ಲೇಜ್ ಕೂಡ ಬೆಚ್ಚಗೇ ಇರುವಾಗ, ಬ್ರಷ್‌ನಲ್ಲಿ ಸಂದಿಗೆಲ್ಲ ಇಳಿಯುವಂತೆ ಬಳಿಯಿರಿ. ಎರಡೂ ಬೆಚ್ಚಗಿದ್ದರೆ ತೆಳು ಗಾಜಿನ ಹಾಗೆ ಕೂರುತ್ತದೆ, ಬೆರಳಿಟ್ಟರೆ ಚಿಟ್ ಅಂತ ಒಡೆಯುತ್ತದೆ. ತಣ್ಣಗಾದ ಮೇಲೆ ಬಳಿದರೆ ಬಿಳಿ ಸುಣ್ಣ.

ಬೆಂಗಳೂರು, ಮೈಸೂರಿನಲ್ಲಿ ಇದ್ದು ಮಾಡುವವರಿಗೆ ಒಂದೆರಡು ಮಾತು. ಓಟಿಜಿ ಅನ್ನುವ ಸಣ್ಣ ಕರೆಂಟ್ ಓವನ್‌ನಲ್ಲಿ ಆರಾಮಾಗಿ ಆಗುತ್ತದೆ. ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ ಹದಿನೈದು ನಿಮಿಷ ಕಾಯಿಸಿ, ಒಂದು ಸಲಕ್ಕೆ ನಾಲ್ಕೈದೇ ಇಡಿ. ಸೈಡರ್ ಬದಲು ಮನೆಯಲ್ಲೇ ಸೇಬು ರುಬ್ಬಿ ಹಿಂಡಿ ರಸ ತೆಗೆಯಿರಿ, ಡಬ್ಬದ ಜ್ಯೂಸ್ ಬೇಡ. ಮುಖ್ಯ ತೊಂದರೆ ಸೇಬಿನದು. ನಮ್ಮ ಮಾರ್ಕೆಟ್‌ಗೆ ಹಿಮಾಚಲ, ಕಾಶ್ಮೀರದಿಂದ ಬರುವುದು ಬಹುಪಾಲು ಡೆಲಿಶಿಯಸ್ ಜಾತಿಯ ಕೆಂಪು ಸೇಬು. ಇದು ಹುಟ್ಟಿದ್ದು ಅಮೆರಿಕದ ಐಯೋವಾದಲ್ಲಿ. ಫಿಲಡೆಲ್ಫಿಯಾದಿಂದ 1904ರಲ್ಲಿ ಭಾರತಕ್ಕೆ ಬಂದು ಅಲ್ಲೇ ಉಳಿದ ಸ್ಯಾಮುಯೆಲ್ ಸ್ಟೋಕ್ಸ್ ಅನ್ನುವವರು 1916ರ ಹೊತ್ತಿಗೆ ಶಿಮ್ಲಾ ಆಚೆಯ ಕೋಟಗಢದಲ್ಲಿ ಇದರ ಗಿಡ ನೆಟ್ಟರು. ಆಮೇಲೆ ಸತ್ಯಾನಂದ ಅಂತ ಹೆಸರು ಬದಲಿಸಿಕೊಂಡರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋದರು. ಹಿಮಾಚಲದ ಸೇಬಿನ ವ್ಯಾಪಾರ ಬೆಳೆದದ್ದು ಅಲ್ಲಿಂದ. ಸ್ಟೋಕ್ಸ್ ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ ಸೇಬು ಬಾಣಲೆಗೆ ಆಗುವುದಿಲ್ಲ. ಹುಳಿ ಇಲ್ಲ, ಬೆಂದರೆ ಹಿಟ್ಟುಹಿಟ್ಟು. ಬೇರೆ ದಾರಿ ಇಲ್ಲ ಅಂದರೆ ತೀರಾ ಹಣ್ಣಾಗದ್ದನ್ನು ಆರಿಸಿ, ನಿಂಬೆರಸ ಎರಡು ಚಮಚ ಮಾಡಿ, ಬ್ರೌನ್ ಶುಗರ್ ಅರ್ಧಕ್ಕೆ ಇಳಿಸಿ, ಬೇಯಿಸುವುದನ್ನು ಬೇಗ ನಿಲ್ಲಿಸಿ. ಹೊರದೇಶದ ಹಸಿರು ಸೇಬು ಸಿಕ್ಕರೆ ಅರ್ಧ ಅದು, ಅರ್ಧ ಇದು ಮಾಡಿದರೆ ಜೇಬಿಗೂ ಹಗುರ. ಬ್ರೌನ್ ಶುಗರ್ ಬದಲು ಜೋನಿ ಬೆಲ್ಲ ಬೇಡ, ಅದರಲ್ಲೂ ನೀರಿದೆ. ಅಚ್ಚು ಬೆಲ್ಲ ತುರಿದು ಹಾಕಿ.

ಏರ್ ಫ್ರೈಯರ್‌ನಲ್ಲಿ ಆಗುತ್ತಾ ಅಂತ ಕೇಳುವವರಿಗೆ, ಈ ಯೀಸ್ಟ್ ಹಿಟ್ಟು ಆಗುತ್ತದೆ, 175 ಡಿಗ್ರಿ, ಎಂಟು ಒಂಬತ್ತು ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಿ. ತೆಳು ಹಿಟ್ಟು ಜಾಲರಿಯಿಂದ ಇಳಿದು ಹೋಗುತ್ತದೆ.

ಯೀಸ್ಟ್, ನಾದುವುದು, ಕಾಯುವುದು ಯಾವುದೂ ಬೇಡ, ಅರ್ಧ ಗಂಟೆಯಲ್ಲಿ ಏನಾದರೂ ಬೇಕು ಅಂದರೆ ಓವನ್ ಕಡೆ ತಲೆ ಹಾಕಲೇಬೇಡಿ, ಪಡ್ಡು ಕಾವಲಿ ತೆಗೆಯಿರಿ. ತಮಾಷೆ ಅಲ್ಲ. ಡೆನ್ಮಾರ್ಕ್‌ನವರು ಕ್ರಿಸ್‌ಮಸ್ ಹೊತ್ತಿಗೆ ಮಾಡುವ ಏಬ್ಲಸ್ಕಿವರ್ ಅನ್ನುವ ತಿಂಡಿಯ ಕಾವಲಿ ನೋಡಿದರೆ ನಮ್ಮ ಗುಳಿಯಪ್ಪದ ಕಾವಲಿಯನ್ನೇ ಕದ್ದುಕೊಂಡು ಹೋಗಿದ್ದಾರಾ ಅನ್ನಿಸುತ್ತದೆ, ಅದೇ ಎರಕದ ಕಬ್ಬಿಣ, ಅದೇ ಅರ್ಧ ಗೋಳದ ಗುಳಿಗಳು, ಕಡ್ಡಿಯಲ್ಲಿ ತಿರುವಿ ಹಾಕುವುದೂ ಹಾಗೇ. ಹಿಂದೆ ಗುಳಿಯೊಳಗೆ ಸೇಬಿನ ಹೋಳು ಇಡುತ್ತಿದ್ದರು, ಈಗ ಹೆಚ್ಚಿನವರು ಇಡುವುದಿಲ್ಲ, ಜಾಮ್, ಸಕ್ಕರೆ ಪುಡಿ ಜೊತೆ ತಿನ್ನುತ್ತಾರೆ. ಕ್ಯಾಲಿಫೋರ್ನಿಯಾದ ಸಾಲ್ವಾಂಗ್‌ನಲ್ಲಿ, 1911ರಲ್ಲಿ ಡೇನಿಶ್ ಜನ ಕಟ್ಟಿದ ಊರು ಅದು, ಬೀದಿ ಬೀದಿಯಲ್ಲಿ ಮಾರುತ್ತಾರೆ. ಒಂದು ಕಪ್ ಮೈದಾ, ಒಂದು ಕಪ್ ಮಜ್ಜಿಗೆ, ಒಂದು ಮೊಟ್ಟೆ, ಕಾಲು ಟೀ ಚಮಚ ಸೋಡಾ, ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ ಕಲಸಿ. ಗುಳಿಗೆ ತುಪ್ಪ ಬಿಟ್ಟು ಅರ್ಧ ಹಿಟ್ಟು, ಮೇಲೆ ಬೇಯಿಸಿದ ಸೇಬು ಒಂದು ಚಮಚ, ಮತ್ತೆ ಹಿಟ್ಟು. ಬಿಸಿ ಕಬ್ಬಿಣ ಹಿಟ್ಟಿನ ಮೈಗೆ ನೇರವಾಗಿ ತಾಗುವುದರಿಂದ ಎಣ್ಣೆ ಮಾಡುವ ಕೆಲಸವನ್ನು ಇದು ಮಾಡುತ್ತದೆ, ಸಿಪ್ಪೆ ಬೇಗ ಕಟ್ಟುತ್ತದೆ, ಹರಡಲು ಜಾಗವೇ ಇಲ್ಲ. ಅತ್ತೆಗೆ ಫ್ರಿಟರ್‌ಗಿಂತ ಇದೇ ಹಿಡಿಸಿತು, ಅವರಿಗೆ ಮಾಡುವಾಗ ಮೊಟ್ಟೆ ಬಿಟ್ಟು ಒಂದು ಹಿಡಿ ಚಿರೋಟಿ ರವೆ ಸೇರಿಸಿ, ಮಜ್ಜಿಗೆ ಒಂಚೂರು ಜಾಸ್ತಿ ಮಾಡುತ್ತೇನೆ.

ಉಳಿದ ಫ್ರಿಟರ್ ಮೈಕ್ರೋವೇವ್‌ಗೆ ಹಾಕಬೇಡಿ, ಗ್ಲೇಜ್ ಕರಗಿ ಹಿಟ್ಟು ರಬ್ಬರ್ ಆಗುತ್ತದೆ. 160 ಡಿಗ್ರಿ ಓವನ್‌ನಲ್ಲಿ ಐದು ನಿಮಿಷ ಸಾಕು. ಫ್ರೀಜರ್‌ನಲ್ಲಿ ಇಡುವುದಾದರೆ ಗ್ಲೇಜ್ ಬಳಿಯುವ ಮೊದಲೇ ಇಡಿ, ತೆಗೆದು ಬಿಸಿ ಮಾಡಿದ ಮೇಲೆ ಬಳಿಯಿರಿ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಬ್ರೆಡ್ ಜಾತಿಯ ಯಾವುದೇ ತಿಂಡಿ ಅಲ್ಲಿ ಹೊರಗಿಗಿಂತ ಬೇಗ ಗಡುಸಾಗುತ್ತದೆ.